ಸ್ಟೇಷನ್ ಇಲ್ಲದ ಊರು

ಅವರು ಆ ಊರಿಗೆ ಒಮ್ಮೆಯೂ ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನಗೆ ಹೇಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಅವರ ಶೋಕಸಭೆಯಲ್ಲಿ ನನ್ನ ಹಿಂದೆ ನಿಂತಿದ್ದ ಇಬ್ಬರು ಇದೇ ಮಾತಾಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಪಾಸ್‌ಪೋರ್ಟ್ ಭೀ ನಹೀ ಥಾ ಯಾರ್, ಔರ್ ಸಬ್ ಕೋ ಅಮೆರಿಕಾ ಸಿಖಾತಾ ಥಾ."

ಹೌದು, ಪಾಸ್‌ಪೋರ್ಟ್ ಇರಲಿಲ್ಲ, ಎಲ್ಲರಿಗೂ ಅಮೆರಿಕ ಕಲಿಸುತ್ತಿದ್ದದ್ದೂ ನಿಜ. ಅವರ ದಿನದ ಪ್ರಯಾಣ ಜೋಗೇಶ್ವರಿಯಿಂದ ಅಂಧೇರಿಗೆ, ಲೋಕಲ್‌ನಲ್ಲಿ ಒಂದೇ ಸ್ಟೇಷನ್ನು. ಆದರೆ ಅಮೆರಿಕದ ನಡುಭಾಗದ ಆ ಕಾಲೇಜು ಊರಿನಲ್ಲಿ ಭಾನುವಾರ ಯಾವ ಅಂಗಡಿಯ ಬಾಗಿಲು ತೆರೆದಿರುತ್ತದೆ, ಯಾವ ರಸ್ತೆಯ ಫುಟ್‌ಪಾತು ಅರ್ಧಕ್ಕೇ ಮುಗಿದುಹೋಗುತ್ತದೆ, ಬಸ್ ಸ್ಟಾಪಿನಿಂದ ಲೈಬ್ರರಿಯ ಬಾಗಿಲಿಗೆ ಎಷ್ಟು ಹೆಜ್ಜೆ ಎಂಬುದನ್ನು ಅವರಷ್ಟು ಬಲ್ಲವರು ಈ ಮುಂಬಯಿಯಲ್ಲಿ ಇನ್ನೊಬ್ಬರಿರಲಿಲ್ಲ. ಈ ಮಾತನ್ನು ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ನಮ್ಮ ಆಫೀಸು ಅಂಧೇರಿ ಪೂರ್ವದಲ್ಲಿ, ಮೆಟ್ರೋ ಕಂಬಗಳ ಮಗ್ಗುಲಿನ ಒಂದು ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿದೆ. ಇಲ್ಲಿಯ ಮಕ್ಕಳನ್ನು ಓದಲು ಅಮೆರಿಕಕ್ಕೆ ಕಳಿಸಿಕೊಡುವ ಏಜೆನ್ಸಿ. ಹೆಸರುವಾಸಿ ನಗರಗಳ ಹೆಸರುವಾಸಿ ಕಾಲೇಜುಗಳು ನಮ್ಮಂಥ ಸಣ್ಣ ಏಜೆನ್ಸಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಮ್ಮೊಡನೆ ವ್ಯವಹಾರ ಇದ್ದದ್ದು ಒಂದೇ ಕಾಲೇಜಿನದು. ನಾಲ್ಕೂ ಕಡೆ ಗೋವಿನಜೋಳದ ಹೊಲ, ನಡುವೆ ಕಾಲೇಜು, ಕಾಲೇಜಿನ ಸುತ್ತ ಆ ಊರು. ನಾನು ಆಫೀಸಿನ ಬಾಗಿಲು ತೆಗೆಯುವವಳು, ಝೆರಾಕ್ಸ್ ಮಾಡುವವಳು, ಫೈಲು ಜೋಡಿಸುವವಳು. ಹತ್ತನೆಯ ಇಯತ್ತೆಯವರೆಗೆ ಓದಿದ್ದೇನೆ. ಅವರು ಅರ್ಜಿ ತುಂಬುವ ಗುಮಾಸ್ತರು. ಧಾರವಾಡದ ಕಡೆಯಿಂದ ಬಂದು ಇಲ್ಲಿ ಟೈಪಿಂಗ್ ಕ್ಲಾಸು ನಡೆಸಿದವರು. ಕಂಪ್ಯೂಟರ್ ಬಂದು ಕ್ಲಾಸು ಮುಚ್ಚಿದಾಗ ಈ ಕೆಲಸಕ್ಕೆ ಸೇರಿದ್ದರು. ಜೋಗೇಶ್ವರಿಯಲ್ಲಿ ಅವರದೂ ನಮ್ಮದೂ ಅಕ್ಕಪಕ್ಕದ ಚಾಳು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಎಲ್ಲ ಶುರುವಾದದ್ದು ಅವರ ಒಂದು ತಪ್ಪಿನಿಂದ. ಅದನ್ನು ಅವರು ಮುಚ್ಚಿಡಲಿಲ್ಲ, ನಾನೇಕೆ ಮುಚ್ಚಿಡಲಿ?

ನಮ್ಮ ಆಫೀಸಿನಿಂದ ಆ ಊರಿಗೆ ಮೊದಲು ಹೋದವಳು ಜೋಗೇಶ್ವರಿಯ ಒಬ್ಬ ಹುಡುಗಿ. ಅವಳ ಅಪ್ಪ ಬೆಳಗಾವಿಯವರು, ಇಲ್ಲೇ ಒಂದು ಗಾಲಾದಲ್ಲಿ, ಅಂದರೆ ಸಣ್ಣ ವರ್ಕ್‌ಶಾಪಿನಲ್ಲಿ, ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಹೊರಡುವ ಮುಂಚೆ ಹುಡುಗಿ ಬಂದು, ರೂಮು ಎಲ್ಲಿ ಹಿಡಿಯಲಿ ಎಂದು ಕೇಳಿದಳು. ಕಾಕಾ ಕಂಪ್ಯೂಟರಿನಲ್ಲಿ ಊರಿನ ನಕ್ಷೆ ತೆಗೆದರು. ಊರ ನಡುವೆ ರೈಲು ಹಳಿಯ ಗೆರೆ ಕಾಣಿಸಿತು. ಅವರ ಮುಖ ಅರಳಿತು.

"ಇಲ್ಲಿ ನೋಡವಾ, ಹಳಿ ಐತಿ. ಹಳಿಗೆ ಹತ್ತಿ ಹಿಡಿ ರೂಮ್. ಸ್ಟೇಷನ್ ಹತ್ರ ಇದ್ರ ಯಾವ ಚಿಂತಿನೂ ಇಲ್ಲ. ಅಂಗಡಿ, ದವಾಖಾನಿ, ರಿಕ್ಷಾ, ಎಲ್ಲಾ ಅಲ್ಲೇ ಇರ್ತಾವ."

ಮುಂಬಯಿಯವರು ಯಾರೇ ಆದರೂ ಇದನ್ನೇ ಹೇಳುತ್ತಿದ್ದರು. ನಮಗೆ ಊರೆಂದರೆ ಸ್ಟೇಷನ್, ಅದರ ಪೂರ್ವ, ಅದರ ಪಶ್ಚಿಮ. ಪಕ್ಕದಲ್ಲಿ ನಿಂತಿದ್ದ ನಾನೂ ಹೌದು ಹೌದೆಂದು ತಲೆಯಾಡಿಸಿದ್ದೆ. ಹುಡುಗಿ ಇಲ್ಲಿಂದಲೇ ಹಳಿಯ ಪಕ್ಕದ ಒಂದು ಮನೆಯಲ್ಲಿ ರೂಮು ಗೊತ್ತುಮಾಡಿ, ವರ್ಷದ ಕರಾರಿಗೆ ಸಹಿ ಹಾಕಿ ಹೋದಳು. ಆ ಹಳಿಯ ಮೇಲೆ ಓಡುವುದು ಗೂಡ್ಸ್ ಗಾಡಿ ಮಾತ್ರ. ಅದು ಆ ಊರಿನಲ್ಲಿ ನಿಲ್ಲುವುದೂ ಇಲ್ಲ. ಸ್ಟೇಷನ್ ಇಲ್ಲ, ಅಂಗಡಿ ಇಲ್ಲ, ಆ ಕಡೆ ಬಸ್ಸೂ ಇಲ್ಲ. ಕಾಲೇಜು ಊರಿನ ಇನ್ನೊಂದು ತುದಿಗೆ. ಚಳಿಗಾಲ ಬಂದಾಗ ಅವಳು ಬರ್ಫದ ಮೇಲೆ ದಿನಾ ನಡೆದು ಹೋದಳು, ಒಂದು ದಿನ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಪರೀಕ್ಷೆ ತಪ್ಪಿತು. ಎರಡು ತಿಂಗಳು ಮನೆಗೆ ಹೇಳಲಿಲ್ಲ.

ಸುದ್ದಿ ತಿಳಿದ ದಿನ ಅವಳ ಅಪ್ಪ ಗಾಲಾದಿಂದ ನೇರ ಆಫೀಸಿಗೆ ಬಂದರು. ಅಂಗಿಯ ಮೇಲೆ ಎಣ್ಣೆಯ ಕಲೆ ಹಾಗೇ ಇತ್ತು. ಜಗಳ ಆಡಲಿಲ್ಲ. ಕುರ್ಚಿ ಕೊಟ್ಟರೂ ಕೂಡಲಿಲ್ಲ. ಒಂದೇ ಮಾತು ಕೇಳಿದರು.

"ನೀವು ಆ ಊರು ನೋಡೀರೇನ್ರಿ?"

"ಇಲ್ರಿ," ಎಂದರು ಕಾಕಾ.

"ಮತ್ತ?"

ಆ ‘ಮತ್ತ’ ಎಂಬುದಕ್ಕೆ ಕಾಕಾ ಉತ್ತರ ಕೊಡುತ್ತ ಹೋದದ್ದು ಮುಂದಿನ ಹನ್ನೊಂದು ವರ್ಷ.

ಮರುವಾರದಿಂದ ಅವರ ಸೋಮವಾರಗಳು ಬದಲಾದವು. ಆಫೀಸು ತೆರೆಯುವುದು ಹತ್ತಕ್ಕೆ. ಸೋಮವಾರ ಅವರು ನನ್ನನ್ನು ಏಳೂವರೆಗೇ ಬಾಗಿಲು ತೆಗೆಯಲು ಕೇಳಿಕೊಂಡರು. ನಮ್ಮ ಸೋಮವಾರದ ಬೆಳಗು ಅಲ್ಲಿಯವರಿಗೆ ಇನ್ನೂ ಭಾನುವಾರದ ರಾತ್ರಿ. ಅಲ್ಲಿ ಹೋದ ಮಕ್ಕಳಿಗೆ ಭಾನುವಾರ ಬಲು ಉದ್ದ, ಬಸ್ಸು ಓಡದ ದಿನ, ಎಂದು ಯಾರೋ ಅವರಿಗೆ ಹೇಳಿದ್ದರು. ಒಬ್ಬೊಬ್ಬರಿಗೂ ಫೋನು ಮಾಡುವರು. ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಹಳೆಯ ಅರ್ಜಿಗಳ ಹಿಂಬದಿಯಲ್ಲಿ ಬರೆದುಕೊಳ್ಳುವರು. ಎಲ್ಲರಿಗೂ ಅವೇ ಮೂರು ಪ್ರಶ್ನೆ. ಇವತ್ತು ಏನು ತಿಂದೆ? ನಡೆದುಕೊಂಡು ಎಲ್ಲಿಗೆ ಹೋದೆ? ಯಾರ ಜೊತೆ ಮಾತಾಡಿದೆ?

ಒಮ್ಮೆ ಒಬ್ಬ ಹುಡುಗ ಮೂರನೆಯ ಪ್ರಶ್ನೆಗೆ, "ಆಜ್ ತೋ ಕಿಸೀ ಸೇ ನಹೀ, ಅಂಕಲ್," ಎಂದ. ಇವತ್ತು ಯಾರ ಜೊತೆಗೂ ಇಲ್ಲ. ಕಾಕಾ ಪೆನ್ನು ಕೆಳಗಿಟ್ಟರು. ಅವನ ಫೋನು ಮುಗಿಸಿ, ಅದೇ ಊರಿನಲ್ಲಿದ್ದ ಇನ್ನೊಬ್ಬನಿಗೆ ಫೋನು ಹಚ್ಚಿದರು. ಅವನು ವಿಜಯಪುರದ ಕಡೆಯವನು.

"ಏ, ಅಲ್ಲಿ ಮಗ್ಗಲ ಬಿಲ್ಡಿಂಗಿನಾಗ ನಮ್ಮ ಹುಡುಗ ಒಬ್ಬ ಅದಾನ. ಹೋಗಿ ಕದ ಬಡಿ."

"ಏನಂತ ಹೇಳ್ಲಿ ಕಾಕಾ?"

"ಹೇಳೂದ ಏನೈತಿ? ಉಪ್ಪ ಐತೇನು ಅಂತ ಕೇಳು. ಉಪ್ಪ ಇಲ್ಲದ ಮನಿ ಇರಂಗಿಲ್ಲ."

ಅವನು ಹೋಗಿ ಉಪ್ಪು ಕೇಳಿದನಂತೆ. ಆಮೇಲೆ ಅವರಿಬ್ಬರೂ ಎರಡು ವರ್ಷ ಒಂದೇ ರೂಮಿನಲ್ಲಿದ್ದರು.

ಚಳಿಯ ವಿಷಯ ಮಾತ್ರ ಅವರಿಗೆ ಫೋನಿನಲ್ಲಿ ತಿಳಿಯಲಿಲ್ಲ. ಸೊನ್ನೆಗಿಂತ ಹದಿನೆಂಟು ಕೆಳಗೆ ಎಂದರೆ ಹೇಗಿರುತ್ತದೆ ಎಂದು ಕೇಳಿದರೆ ಮಕ್ಕಳು ನಗುತ್ತಿದ್ದರು. ಅದಕ್ಕೆ ಅವರು ಬಾಂದ್ರಾದ ಬೀದಿಯಲ್ಲಿ, ಅಮೆರಿಕಕ್ಕೆ ಹೋಗುವವರು ಕೊಳ್ಳುವ ದಪ್ಪ ಜಾಕೆಟ್ಟನ್ನೇ ಕೊಂಡುಕೊಂಡು, ಮೀನು ಇಡುವ ಒಂದು ಕೋಲ್ಡ್ ಸ್ಟೋರೇಜಿಗೆ ಹೋದರು. ಅಲ್ಲಿ ಪರಿಚಯದ ಕಾರವಾರದವರೊಬ್ಬರು ಮುಕಾದಮರಾಗಿ ಆಳುಗಳನ್ನು ನೋಡಿಕೊಳ್ಳುತ್ತಿದ್ದರು. ಮೊಟ್ಟೆ ಸಹ ಮುಟ್ಟದ ನಮ್ಮ ಕಾಕಾ, ಬಂಗುಡೆ ಪೆಟ್ಟಿಗೆಗಳ ನಡುವೆ ಗಡಿಯಾರ ನೋಡಿಕೊಳ್ಳುತ್ತ ನಿಂತರು. ವಾಪಸು ಬರುವಾಗ ಲೋಕಲ್‌ನಲ್ಲಿ ಮೀನಿನ ವಾಸನೆಗೆ ಜನ ಎದ್ದು ದೂರ ಹೋಗಿ ನಿಂತರಂತೆ. "ಮುಂಬೈದಾಗ ನಾಲ್ಕನೇ ಸೀಟಿನ ಮ್ಯಾಲೆ ಆರಾಮ ಕುಂತು ಬಂದವ ನಾನೊಬ್ಬನ," ಎಂದು ಹೇಳಿ ನಗಿಸಿದರು. ಮೂವರ ಬೆಂಚಿನ ತುದಿಗೆ ನಾಲ್ಕನೆಯವರು ಅರ್ಧ ಕೂತು ಅರ್ಧ ಜೋತಾಡುವ ಜಾಗ ಅದು. ಅವರು ಬರೆದ ಟಿಪ್ಪಣಿ ನನ್ನ ಬಳಿ ಇದೆ: "ಎಂಟು ನಿಮಿಷ. ಮೂಗಿನೊಳಗೆ ಗಟ್ಟಿಯಾಯಿತು. ಜಾಕೆಟ್ಟಿನ ಝಿಪ್ ಹಿಡಿಯಲು ಬೆರಳು ಒಪ್ಪಲಿಲ್ಲ. ಈ ಜಾಕೆಟ್ ಸಾಲದು."

ಹೀಗೆ ಕೂಡಿಸಿ ಕೂಡಿಸಿ ಪುಟಗಳಾದವು. ಕೊನೆಗೆ ಹದಿನಾಲ್ಕು ಪುಟ. ನನಗೂ ಓದಲು ಬರುವಂಥ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳು. ಅವು ಹೇಳುವುದು ಇಂಥ ಮಾತುಗಳನ್ನು. ಈ ಊರಿನಲ್ಲಿ ಸ್ಟೇಷನ್ ಇಲ್ಲ. ಇದನ್ನು ಬರೆದವನು ಈ ಊರನ್ನು ನೋಡಿಲ್ಲ. ಇಲ್ಲಿದ್ದವರನ್ನು ಕೇಳಿ ಬರೆದಿದ್ದಾನೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆಯಾಗುತ್ತದೆ, ಅದು ನಿಮ್ಮ ಮನಸ್ಸಿನ ರೋಗವಲ್ಲ, ಸೂರ್ಯನೇ ಹಾಗೆ. ತಿಂಗಳಿಗೊಂದು ದಿನ ಮಧ್ಯಾಹ್ನ ಊರಿಗೆಲ್ಲ ಕೇಳುವಂತೆ ಸೈರನ್ ಕೂಗುತ್ತದೆ, ಅದು ಪರೀಕ್ಷೆ, ಓಡಬೇಡಿ. ಬೇರೆ ದಿನ ಕೂಗಿದರೆ ಸುಂಟರಗಾಳಿ, ನೆಲಮಾಳಿಗೆಗೆ ಓಡಿ. ಫುಟ್‌ಬಾಲ್ ಪಂದ್ಯದ ಶನಿವಾರ ಊರೆಲ್ಲ ಒಂದೇ ಬಣ್ಣದ ಅಂಗಿ ತೊಡುತ್ತದೆ, ನೀವೂ ಒಂದು ತೊಟ್ಟುಕೊಂಡು ಹೋಗಿ ನಿಲ್ಲಿ, ಆಟ ತಿಳಿಯದಿದ್ದರೂ ಪರವಾಗಿಲ್ಲ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿಸಿ ಹೋಗುವವರು ಒಳ್ಳೆಯ ಸೋಫಾ, ಮೇಜುಗಳನ್ನು ರಸ್ತೆಯ ಬದಿಗೆ ಇಟ್ಟು ಹೋಗುತ್ತಾರೆ, ತೆಗೆದುಕೊಳ್ಳುವುದು ಕಳ್ಳತನವಲ್ಲ. ಬೇಸಿಗೆಯಲ್ಲಿ ಊರು ಖಾಲಿಯಾಗುತ್ತದೆ, ಬೀದಿಯಲ್ಲಿ ನಿಮ್ಮ ಚಪ್ಪಲಿಯ ಸದ್ದು ನಿಮಗೇ ಕೇಳುತ್ತದೆ. ಆಗ ಊರಿನವರು ಬೇರೆ, ಕಾಲೇಜಿನವರು ಬೇರೆ ಎಂಬುದು ಗೊತ್ತಾಗುತ್ತದೆ. ಊರಿನವರ ಪರಿಚಯ ಮಾಡಿಕೊಳ್ಳಿ.

ಏಳನೆಯ ಪುಟ ಪೂರ್ತಿ ಸದ್ದಿನ ಬಗ್ಗೆ. ಮುಂಬಯಿಯ ಮಕ್ಕಳಿಗೆ ಅಲ್ಲಿ ನಿದ್ದೆ ಬರುವುದಿಲ್ಲ, ಅಷ್ಟು ನಿಶ್ಶಬ್ದ. ಒಬ್ಬಳು ತಾಯಿಗೆ ಫೋನು ಮಾಡಿ, ಕಿಟಕಿಯ ಮೇಲೆ ಫೋನು ಇಡು, ಲೋಕಲ್ ಹೋಗುವುದು ಕೇಳಲಿ ಎನ್ನುತ್ತಿದ್ದಳಂತೆ.

ಏಜೆನ್ಸಿಯ ಮಾಲೀಕರಾದ ನಮ್ಮ ಸಾಹೇಬರಿಗೆ ಬೇಕಾಗಿದ್ದುದು ಇದಲ್ಲ. ಆಫೀಸಿನ ಮಿರುಗುವ ಪುಸ್ತಿಕೆಯಲ್ಲಿ ಆ ಊರಿನ ಬಗ್ಗೆ ಒಂದೂವರೆ ಪುಟ ಬರೆದುಕೊಡಿ ಎಂದು ಅವರೇ ಹೇಳಿದ್ದರು. ಕಾಕಾ ತಮ್ಮ ಹದಿನಾಲ್ಕು ಪುಟ ತಂದಿಟ್ಟಾಗ ನಾನು ಫೈಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಅರೇ ಅಂಕಲ್, ಯೇ ಕ್ಯಾ ಲಿಖಾ ಹೈ? ಸಾಡೇ ಚಾರ್ ಬಜೇ ಅಂಧೇರಾ?"

"ಹೋತಾ ಹೈ ಸರ್."

"ಹೋತಾ ಹೈ ತೋ ಲಿಖನಾ ಜರೂರೀ ಹೈ ಕ್ಯಾ?" ಕತ್ತಲಾದರೆ ಅದನ್ನು ಬರೆಯಲೇಬೇಕೇ ಎಂದು ಅವರ ಪ್ರಶ್ನೆ.

"ಉಧರ್ ಬಚ್ಚಾ ಜಾತಾ ಹೈ ಸರ್. ಪುಸ್ತಿಕಾ ನಹೀ ಜಾತಾ."

ಕಾಕಾ ಅವರ ಹಿಂದಿ ಹರಕುಮುರುಕು. ಆದರೆ ಆ ದಿನ ಅದರಲ್ಲಿ ಒಂದು ತಪ್ಪೂ ನನಗೆ ಕಾಣಲಿಲ್ಲ. ಅಲ್ಲಿಗೆ ಹೋಗುವುದು ಮಗು, ಪುಸ್ತಿಕೆಯಲ್ಲ.

ಸಾಹೇಬರು ಬೇರೆಯವರಿಂದ ಪುಸ್ತಿಕೆ ಬರೆಸಿದರು. ಕಾಕಾ ತಮ್ಮ ಪುಟಗಳನ್ನು ಕೈಯಿಂದಲೇ ಹಂಚತೊಡಗಿದರು, ಅದಕ್ಕೊಂದು ಪದ್ಧತಿಯನ್ನೂ ಮಾಡಿಕೊಂಡರು. ಹೊರಡುವ ಹುಡುಗ ಹುಡುಗಿ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬರಬೇಕು. ಅವರ ಎದುರು ಹದಿನಾಲ್ಕೂ ಪುಟ ಗಟ್ಟಿಯಾಗಿ ಓದಬೇಕು. ಹಿರಿಯರಿಗೆ ತಿಳಿಯದ್ದನ್ನು ಕಾಕಾ ಹಿಂದಿಯಲ್ಲೋ ಮರಾಠಿಯಲ್ಲೋ ಕನ್ನಡದಲ್ಲೋ ಹೇಳುವರು. ಓದಿ ಮುಗಿದ ಮೇಲಷ್ಟೇ ಟಿಕೆಟ್ಟಿನ ಫೈಲು ಕೈಗೆ.

ವಿಜಯಪುರದ ಕಡೆಯ ಒಬ್ಬ ತಾಯಿ, ಕಟ್ಟಡದ ಕೆಲಸದವರು, ಮಗಳು ಓದುವುದನ್ನೆಲ್ಲ ಕೇಳಿ, "ಅಲ್ರೀ, ಇದು ನಮ್ಮ ಹಳ್ಳಿಯಂಗ ಐತೆಲ್ರಿ!" ಎಂದಿದ್ದರು.

"ಹೌದವಾ. ನಿಮ್ಮ ಹಳ್ಳಿ ನಡುವ ಒಂದು ಕಾಲೇಜ ಇಟ್ಟು, ಮ್ಯಾಲೆ ಬರ್ಫ್ ಸುರುವ್ರಿ. ಮುಗೀತು."

"ಮತ್ತ ಮಂದಿ?"

"ಮಂದಿ ಛಲೋ ಅದಾರ. ಎದುರು ಬಂದ್ರ ಸಾಕು, ಹೆಂಗದಿ ಅಂತ ಕೇಳ್ತಾರ. ಉತ್ತರ ಕೇಳಾಕ ನಿಲ್ಲಂಗಿಲ್ಲ, ಅಷ್ಟ."

"ಅದೆಂಥಾ ಕೇಳೂದ್ರಿ ಮತ್ತ!" ಎಂದು ಆ ತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಮಗಳು ಹೋದಳು. ಬಹಳಷ್ಟು ಮಕ್ಕಳು ಓದಿಯೂ ಹೋದರು. ಕಾಕಾ ಯಾರನ್ನೂ ತಡೆಯಲಿಲ್ಲ, ಇದನ್ನು ಗಮನಿಸಬೇಕು. ಸರಿಯಾದ ಬೂಟು ಹಾಕಿಕೊಂಡು, ಸರಿಯಾದ ಕಡೆ ರೂಮು ಹಿಡಿದು ಹೋಗಲಿ ಎಂಬುದಷ್ಟೇ ಅವರಿಗಿದ್ದದ್ದು. ಆದರೆ ಒಂದು ವರ್ಷ ಒಬ್ಬರು ತಂದೆ ಪೂರ್ತಿ ಕೇಳಿಸಿಕೊಂಡು, ಮಗನ ಮುಖ ನೋಡಿ, "ಇವನಿಂದ ಆಗುವುದಿಲ್ಲ," ಎಂದು ಅರ್ಜಿ ವಾಪಸು ತೆಗೆದುಕೊಂಡರು. ಮಗನೂ ಹಗುರಾದಂತೆ ಕಂಡ.

ಆ ಮಧ್ಯಾಹ್ನ ಸಾಹೇಬರ ಕೂಗು ಲಿಫ್ಟಿನವರೆಗೂ ಕೇಳಿಸಿತು. ಪುಟ ಹಂಚುವುದು ನಿಲ್ಲಬೇಕು, ಇಲ್ಲವೇ ಕೆಲಸ ಬಿಡಬೇಕು. ಕಾಕಾ ಎರಡನ್ನೂ ಮಾಡಲಿಲ್ಲ. ಮರುದಿನ ಬಂದಾಗ ಅವರ ಮೇಜನ್ನು ಕಿಟಕಿಯ ಪಕ್ಕದಿಂದ ತೆಗೆಸಿ, ಸಂಡಾಸಿನ ಎದುರು, ನನ್ನ ಝೆರಾಕ್ಸ್ ಮಶೀನಿಗೆ ಒತ್ತಿ ಇಡಿಸಿದ್ದರು. ಫೋನಿನ ತಂತಿ ಕಿತ್ತಿದ್ದರು. ಕಾಕಾ ನಿಂತು ನೋಡಿದರು. ಮೇಜಿನ ಮೇಲೆ ಊಟದ ಡಬ್ಬಿ ಇಟ್ಟರು.

"ಬರೋಬರಿ ಆತು ತಂಗಿ. ಮೊದಲ ಝೆರಾಕ್ಸ್ ಮಾಡಾಕ ಅಷ್ಟ ದೂರದಿಂದ ಎದ್ದು ಬರಬೇಕಾಗಿತ್ತು."

ಅಂದಿನಿಂದ ಫೋನು ತಮ್ಮದೇ ಮೊಬೈಲಿನಿಂದ ಮಾಡಿದರು. ಮಕ್ಕಳು ಮಶೀನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಓದಿದರು. ಕಾಗದ ಕಾಕಾ ಅವರೇ ತರುತ್ತಿದ್ದರು. ನಾನು ಪ್ರತಿ ತೆಗೆದುಕೊಟ್ಟರೆ, ಅವರು ಸ್ಟೇಪ್ಲರನ್ನು ಅಂಗೈಯ ಬುಡದಿಂದ ಎರಡು ಸಲ ಗುದ್ದುವರು. ಒಮ್ಮೆ ಗುದ್ದಿದರೆ ಸಾಕಿತ್ತು. ಎರಡನೆಯದು ಸಾಹೇಬರ ಕ್ಯಾಬಿನ್ನಿಗೆ ಕೇಳಲೆಂದು ಎಂದು ನಾನು ತಿಳಿದಿದ್ದೇನೆ.

ಅವರು ‘ಕನಸು’ ಎಂಬ ಮಾತನ್ನು ಬಾಯಲ್ಲಿ ತರುತ್ತಿರಲಿಲ್ಲ. ಮಕ್ಕಳು ಅಂದರೆ ತಿದ್ದುತ್ತಿದ್ದರು. "ಕನಸ ಅನಬ್ಯಾಡ. ಊರ ಅನು. ಊರಿಗೆ ಕಸದ ಗಾಡಿ ಯಾವಾಗ ಬರತೈತಿ ಅಂತ ಕೇಳಬಹುದು. ಕನಸಿಗೆ ಏನ ಕೇಳ್ತಿ?"

ಮಣಿಕಟ್ಟು ಮುರಿದುಕೊಂಡ ಹುಡುಗಿ ಓದು ಮುಗಿಸಿ ಅಲ್ಲಿಯೇ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ನಿಂತಳು. ಕಾಕಾ ಅವರ ಕಣ್ಣು ಅವಳೇ. ಹೊಸ ಬಸ್ಸಿನ ದಾರಿ, ಮುಚ್ಚಿದ ಅಂಗಡಿ, ಎಲ್ಲ ಅವಳು ನೋಡಿ ಹೇಳುತ್ತಿದ್ದಳು. ಅವಳು ಹೇಳಿದಂತೆ ಅವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಊರಿನ ನಕ್ಷೆ ಬರೆದಿದ್ದರು. ಹಳಿಯ ಗೆರೆಯ ಮೇಲೆ, ನಮ್ಮವರ ಕಣ್ಣು ಮೊದಲು ಹುಡುಕುವ ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಕನ್ನಡದಲ್ಲೇ ಬರೆದಿದ್ದರು: ಸ್ಟೇಷನ್ ಇಲ್ಲ.

ಈ ವರ್ಷ ಗಣಪತಿ ಹಬ್ಬ ಮುಗಿದ ಮರುವಾರ ಅವರಿಗೆ ಜ್ವರ ಬಂತು. ನಾಲ್ಕನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಸೋಮವಾರ ನಾನು ಏಳೂವರೆಗೆ ಬಾಗಿಲು ತೆಗೆದು ಕುಳಿತೆ. ಎಂಟೂವರೆಗೆ ಕಾಕಾ ಅವರ ಹೆಂಡತಿ, ನಮ್ಮ ಕಾಕು ಅವರಿಂದ ಫೋನು ಬಂತು. ಅದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಶೋಕಸಭೆಯಲ್ಲಿ ಸಾಹೇಬರು, ಅಂಕಲ್ ಎಷ್ಟೋ ಮಕ್ಕಳ ಕನಸನ್ನು ನನಸು ಮಾಡಿದರು ಎಂದರು. ನನ್ನ ಹಿಂದಿನ ಇಬ್ಬರು ನಕ್ಕದ್ದು ಆಗಲೇ. ನನಗೆ ಅವರ ಮೇಲೆ ಸಿಟ್ಟು ಬಂದಷ್ಟೇ ಆ ಕನಸಿನ ಮೇಲೂ ಬಂತು. ಮರುವಾರ ಸಾಹೇಬರು ನನ್ನನ್ನು ಒಳಗೆ ಕರೆದು, ಹೊಸ ಪುಸ್ತಿಕೆಯ ಮಾದರಿ ತೋರಿಸಿದರು. ಹಸಿರು ಹುಲ್ಲು, ಬಿಸಿಲು, ನಗುವ ಮುಖಗಳು. ಆ ಊರಿನ ಬದುಕಿನ ಬಗ್ಗೆ ಒಂದೂವರೆ ಪುಟ. ಅದರಲ್ಲಿ ಚಳಿ ಇರಲಿಲ್ಲ, ಭಾನುವಾರ ಇರಲಿಲ್ಲ. ಕೆಳಗೆ ಕಾಕಾ ಅವರ ಹೆಸರು ಅಚ್ಚಾಗಿತ್ತು, ಅವರೇ ಬರೆದ ಹಾಗೆ. ಹೆಸರಿನ ಪಕ್ಕದಲ್ಲಿ ಫೋಟೋಕ್ಕೆಂದು ಬಿಟ್ಟ ಒಂದು ಚೌಕ.

ಅಂಕಲ್‌ಗೆ ಗೌರವ ಇದು, ಮನೆಗೆ ಹೋಗಿ ಒಂದು ಫೋಟೋ ತಾ, ಆ ಹಳೆಯ ಪುಟಗಳನ್ನು ರದ್ದಿಗೆ ಹಾಕು ಎಂದರು.

ಆ ಸಂಜೆ ಜೋಗೇಶ್ವರಿಯ ಚಾಳಿನಲ್ಲಿ ಕಾಕು ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು.

"ಅವ್ರು ಬರದದ್ದರ ಮ್ಯಾಲೆ ಹಾಕ್ತಾರೇನು ಫೋಟೋ?"

"ಅಲ್ಲ ಕಾಕು. ಬ್ಯಾರೆಯವರು ಬರದದ್ದರ ಮ್ಯಾಲೆ."

"ಹಂಗಾರ ಫೋಟೋ ನನ್ನ ಗ್ವಾಡಿಗೇ ಇರಲಿ. ನೀ ಇದನ್ನ ಒಯ್ಯಿ," ಎಂದು ಕ್ಯಾಲೆಂಡರಿನ ನಕ್ಷೆಯನ್ನು ಸುರುಳಿ ಸುತ್ತಿ ನನ್ನ ಕೈಗಿತ್ತರು.

ಮರುದಿನ ಸಾಹೇಬರಿಗೆ ಫೋಟೋ ಕೊಡುವುದಿಲ್ಲವಂತೆ ಎಂದೆ. ಹೆಸರನ್ನೂ ತೆಗೆಯಿರಿ ಎಂದೆ. ಪುಟಗಳನ್ನು ರದ್ದಿಗೆ ಹಾಕುವುದಿಲ್ಲ, ಮಕ್ಕಳಿಗೆ ಕೊಡುತ್ತೇನೆ ಎಂದೂ ಹೇಳಿದೆ. ಆ ಕ್ಯಾಬಿನ್ನಿನಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ತುಮ್ ಹೋತೀ ಕೌನ್ ಹೋ?" ಇದನ್ನೆಲ್ಲ ಹೇಳಲು ನೀನು ಯಾರು ಎಂದು.

"ಝೆರಾಕ್ಸ್ ಕರ್ನೇವಾಲೀ ಹೂಂ ಸರ್," ಎಂದೆ.

ಹೊರಗೆ ಬಂದು ಮಶೀನಿಗೆ ಕಾಗದ ತುಂಬಿದೆ. ಅವರು ನನ್ನ ಮೇಜನ್ನು ಇನ್ನೆಲ್ಲಿಗೆ ತಳ್ಳಿಯಾರು? ಸಂಡಾಸಿನ ಎದುರು ಆಗಲೇ ಇದ್ದೇನೆ. ಕೆಲಸದಿಂದ ತೆಗೆದರೆ ಸ್ಟೇಷನ್ನಿನ ಹೊರಗೆ ಝೆರಾಕ್ಸ್ ಅಂಗಡಿಗಳಿಗೇನು ಬರವಿಲ್ಲ. ಮಕ್ಕಳು ಬರುವುದೂ ಅದೇ ಸ್ಟೇಷನ್ನಿನಿಂದಲೇ.

ಅದೇ ವಾರ ಲೈಬ್ರರಿಯ ಹುಡುಗಿ ನನ್ನ ಮೊಬೈಲಿಗೆ ತನ್ನ ದನಿಯಲ್ಲಿ ಒಂದು ಸಂದೇಶ ಕಳಿಸಿದಳು. ಅವಳ ಕನ್ನಡ ಈಗ ತಡವರಿಸುತ್ತದೆ. "ಅಕ್ಕಾ, ಸಂಡೇ ಟ್ರ್ಯಾಕ್ ಹತ್ರ ಹೋಗಿ ನಿಂತಿದ್ದೆ. ಕಾಕಾಗೋಸ್ಕರ. ಗೂಡ್ಸ್ ಬಂತು. ಭಾಳ ಲಾಂಗ್ ಇತ್ತು. ನಿಲ್ಲಲಿಲ್ಲ ಅಕ್ಕಾ. ಪೇಜ್ ಒನ್ ಕರೆಕ್ಟ್ ಐತಿ, ಏನೂ ಚೇಂಜ್ ಮಾಡಬ್ಯಾಡ್ರಿ."

ನಾನು ಏನೂ ಬದಲಾಯಿಸಲಿಲ್ಲ. ನಕ್ಷೆಯನ್ನು ಮಶೀನಿನ ಮೇಲಿನ ಗೋಡೆಗೆ ಅಂಟಿಸಿದೆ.

ನಿನ್ನೆ ಒಬ್ಬಳು ಹುಡುಗಿ ಅಪ್ಪನ ಜೊತೆ ಬಂದಳು. ಜನವರಿಯಲ್ಲಿ ಹೊರಡುತ್ತಾಳೆ, ನಟ್ಟ ಚಳಿಯಲ್ಲಿ. ಮನೆಯಲ್ಲಿ ಕನ್ನಡ, ಅವಳಿಗೆ ತಿಳಿಯುತ್ತದೆ, ಆದರೆ ಆಡಲು ಅಷ್ಟು ಬಾರದು. ನಾನು ಹದಿನಾಲ್ಕು ಪುಟ ತೆಗೆದೆ. ಸ್ಟೇಪ್ಲರನ್ನು ಅಂಗೈಯ ಬುಡದಿಂದ ಎರಡು ಸಲ ಗುದ್ದಿದೆ. ಅವಳನ್ನು ಸ್ಟೂಲಿನ ಮೇಲೂ ಅಪ್ಪನನ್ನು ಕಾಕಾ ಅವರ ಕುರ್ಚಿಯಲ್ಲೂ ಕೂಡಿಸಿದೆ.

ಹುಡುಗಿ ಮೊದಲ ಸಾಲು ಓದಿದಳು. ಈ ಊರಿನಲ್ಲಿ ಸ್ಟೇಷನ್ ಇಲ್ಲ. ಎರಡನೆಯದು ಓದಿದಳು. ಇದನ್ನು ಬರೆದವನು ಈ ಊರನ್ನು ನೋಡಿಲ್ಲ. ಆ ಹೊತ್ತಿಗೆ ಸಾಹೇಬರು ಕ್ಯಾಬಿನ್ನಿನ ಬಾಗಿಲು ತೆಗೆದು ಹೊರಗೆ ಬಂದು ನಿಂತರು. ಅವರನ್ನು ಕಂಡು ಹುಡುಗಿಯ ದನಿ ಇಳಿಯಿತು. ಅವಳು ನನ್ನ ಮುಖ ನೋಡಿದಳು.

"ಜೋರಲೆ ಓದವಾ," ಎಂದೆ. "ಎಲ್ಲಾರಿಗೂ ಕೇಳಲಿ."